ತಿರುಗಿಸಬಾರದ ಕತ್ತಿ

ನಮ್ಮೂರಲ್ಲಿ ಎಲ್ಲವೂ ಸಮ. ಬಾಗಿಲಿನ ಬಲಕ್ಕೆ ಒಂದು ದೀಪ ಇಟ್ಟರೆ ಎಡಕ್ಕೂ ಒಂದು ದೀಪ. ಬಾವಿ ತೋಡಿದರೆ ಎರಡು ಬಾವಿ. ಅಳು ಬಂದರೆ ಎರಡೂ ಕಣ್ಣಲ್ಲಿ ನೀರು ತುಂಬುವ ತನಕ ತಡೆದುಕೊಂಡು ಆಮೇಲೆ ಅಳುವವರು ನಾವು. ದಾರಿಯಲ್ಲಿ ಎದುರಾದವರು ‘ಸಮವೇ?’ ಅಂತ ಕೇಳುತ್ತಾರೆ, ‘ಸಮ’ ಅಂತ ಹೇಳಿ ಮುಂದೆ ಹೋಗಬೇಕು. ಒಂದು ಕೈಗೆ ಸೊಳ್ಳೆ ಕಚ್ಚಿದರೆ ಎರಡೂ ಕೈ ಕೆರೆದುಕೊಳ್ಳುವ ಜನ. ನಗಬೇಡಿ, ನಿಮ್ಮೂರಲ್ಲಿ ಇನ್ನೇನೋ ಒಂದು ಇದ್ದೇ ಇರುತ್ತದೆ.

ಯಾಕೆ ಹೀಗೆ ಅಂದರೆ, ಹೆಚ್ಚು ಕೊಟ್ಟ ಕಡೆಗೆ ಮನೆ ವಾಲುತ್ತದೆ. ವಾಲಿದ ಮನೆ ಬೀಳುತ್ತದೆ. ಬಿದ್ದದ್ದನ್ನು ಕಂಡವರು ಯಾರೂ ಇಲ್ಲ. ವಾಲುವ ತನಕ ಹೋಗುವ ಧೈರ್ಯವೂ ಯಾರಿಗೂ ಇರಲಿಲ್ಲ.

ನಾನು ಬಲಗೆನ್ನೆಯವನು. ಅಂದರೆ ಊರಿನ ಗಂಡಸರ ಬಲಗೆನ್ನೆಯ ಕ್ಷೌರ ನನ್ನದು. ಎಡಗೆನ್ನೆಗೆ ಎಡಗೆನ್ನೆಯವನು ಇದ್ದ. ಗಿರಾಕಿ ನಡುವೆ ಕೂರುತ್ತಿದ್ದ, ನಾವಿಬ್ಬರು ಎರಡು ಪಕ್ಕ ನಿಲ್ಲುತ್ತಿದ್ದೆವು. ಅವನು ನೊರೆ ಹಚ್ಚುವಾಗ ನಾನೂ ನೊರೆ ಹಚ್ಚುತ್ತಿದ್ದೆ. ಅವನ ಕತ್ತಿ ಕಿವಿಯ ಕೆಳಗಿನಿಂದ ಇಳಿಯುವಾಗ ನನ್ನ ಕತ್ತಿಯೂ ಇಳಿಯುತ್ತಿತ್ತು. ಎರಡೂ ಗದ್ದದ ಹತ್ತಿರ ಬಂದು ನಿಂತರೆ ಕ್ಷೌರ ಮುಗಿಯಿತು. ಒಬ್ಬರ ಮುಖ ಒಬ್ಬರು ನೋಡದೆ, ಗಿರಾಕಿಯ ಉಸಿರು ಕೇಳಿಕೊಂಡೇ ಕೈ ಕೂಡಿಸುತ್ತಿದ್ದೆವು. ಅಂಥ ಜೊತೆ ಇನ್ನು ಸಿಗುವುದಿಲ್ಲ ಬಿಡಿ.

ಒಂದು ಬೆಳಿಗ್ಗೆ ಎಡಗೆನ್ನೆಯವನು ಏಳಲಿಲ್ಲ. ನಿದ್ದೆಯಲ್ಲೇ ಹೋಗಿಬಿಟ್ಟಿದ್ದ. ನಾನು ಅತ್ತೆ, ಊರೂ ಅತ್ತಿತು. ಅತ್ತು ಮುಗಿಸಿದ ಮೇಲೆ ಊರಿನವರು ಸುಮ್ಮನೆ ನನ್ನ ಮುಖ ನೋಡತೊಡಗಿದರು. ಅವರ ತಲೆಯಲ್ಲಿ ಏನು ಓಡುತ್ತಿದೆ ಅಂತ ನನಗೆ ಗೊತ್ತಾಗದೆ ಇರುತ್ತದೆಯೇ? ಒಬ್ಬ ಹೋದ ಮೇಲೆ ಇನ್ನೊಬ್ಬ ಇರುವುದು ಸಮವಲ್ಲ. ಕೊನೆಗೆ ತಕ್ಕಡಿಯಮ್ಮ ತೀರ್ಪು ಕೊಟ್ಟಳು. ತಕ್ಕಡಿಯಮ್ಮ ಅಂದರೆ ಊರಿನ ಹಿರಿಯಳು, ಕಟ್ಟೆಯ ಮೇಲೆ ಎರಡೂ ಕೈ ಚಾಚಿ ಕೂತು ನ್ಯಾಯ ಹೇಳುವವಳು. “ಅವನ ಉಸಿರು ಹೋಯಿತು, ಇವನ ಕೆಲಸ ಹೋಗಲಿ. ಅಲ್ಲಿಗೆ ಸಮ,” ಅಂದಳು. ಜೀವ ಉಳಿಯಿತು. ಕತ್ತಿ ಮಡಚಿ ಗೂಡಿಗೆ ಹಾಕಿದೆ. ಊರಿನ ಗಂಡಸರಿಗೆಲ್ಲ ಗಡ್ಡ ಬಂತು.

ಗಡ್ಡ ಬಂದರೆ ಏನಂತೆ ಅನ್ನಬೇಡಿ. ತಕ್ಕಡಿಯಮ್ಮ ಮಾತು ಕೇಳುವುದು ಕಿವಿಯಿಂದಲ್ಲ, ಕಣ್ಣಿಂದ. ಎದುರು ನಿಂತವನ ಎರಡೂ ಕೆನ್ನೆ ಒಂದೇ ಮಾತು ಹೇಳುತ್ತಿವೆಯೇ ಅಂತ ನೋಡುತ್ತಾಳೆ. ಗಡ್ಡದೊಳಗೆ ಕೆನ್ನೆ ಏನು ಹೇಳುತ್ತದೋ ಯಾರಿಗೆ ಗೊತ್ತು? ಹಾಗಾಗಿ ಗಡ್ಡದವನು ಕಟ್ಟೆ ಹತ್ತುವ ಹಾಗಿಲ್ಲ. ಮನೆಯ ಹೆಂಗಸರು ಹೋಗಿ ಕೇಳಿಕೊಳ್ಳುತ್ತಿದ್ದರು, ಗಂಡಸರು ಹಿಂದೆ ನಿಂತು ಕೆಮ್ಮುತ್ತಿದ್ದರು. ಹೇಗೋ ನಡೆದುಕೊಂಡು ಹೋಗುತ್ತಿತ್ತು.

ನಡೆಯದೆ ಹೋದದ್ದು ಒಬ್ಬನಿಗೆ. ಅವನು ಇಬ್ಬರು ಹೆಣ್ಣುಮಕ್ಕಳ ಅಪ್ಪ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ದೊಡ್ಡವಳು ಗಟ್ಟಿಮುಟ್ಟು. ಚಿಕ್ಕವಳಿಗೆ ಒಂದು ಕಾಯಿಲೆ ಹತ್ತಿತ್ತು. ಅವಳು ದಿನದಿನಕ್ಕೆ ಹಗುರಾಗುತ್ತಿದ್ದಳು. ಚಾಪೆಯ ಮೇಲೆ ಮಲಗಿದರೆ ಮಲಗಿದ ಗುರುತು ಬೀಳುತ್ತಿರಲಿಲ್ಲ. ನಡೆದರೆ ಹೆಜ್ಜೆಯ ಸದ್ದು ಕೇಳುತ್ತಿರಲಿಲ್ಲ. ಊರಿನ ವೈದ್ಯ ಬೆಟ್ಟದ ಬೇರು ತಂದು ಕಷಾಯ ಕಾಯಿಸಿ ಕೊಟ್ಟ. “ದಿನಾ ಪೂರ್ತಿ ಬಟ್ಟಲು ಕುಡಿದರೆ ಚಿಕ್ಕವಳು ಉಳೀತಾಳೆ. ಆದರೆ ಗಟ್ಟಿ ಇರೋ ಮಗು ಪೂರ್ತಿ ಬಟ್ಟಲು ಕುಡಿದರೆ ಅದರ ಜೀವಕ್ಕೇ ಕುತ್ತು,” ಅಂದ. ಇಬ್ಬರಿಗೂ ಸಮ ಕೊಡಬೇಕಲ್ಲ. ಅಪ್ಪ ಬಟ್ಟಲನ್ನು ಅರ್ಧ ಅರ್ಧ ಮಾಡಿದ. ದೊಡ್ಡವಳು ತನ್ನ ಅರ್ಧ ಕುಡಿದು ಹಿತ್ತಲಿಗೆ ಓಡಿ ಕಾರಿಕೊಳ್ಳುತ್ತಿದ್ದಳು. ಚಿಕ್ಕವಳು ತನ್ನ ಅರ್ಧ ಕುಡಿದು ಇನ್ನಷ್ಟು ಹಗುರಾಗುತ್ತಿದ್ದಳು.

ಪೂರ್ತಿ ಬಟ್ಟಲನ್ನು ಒಬ್ಬಳಿಗೇ ಕೊಡಲು ಅಪ್ಪಣೆ ಬೇಕಿತ್ತು. ಅಪ್ಪಣೆ ಕೇಳಲು ಕಟ್ಟೆ ಹತ್ತಬೇಕಿತ್ತು. ಹತ್ತೋಣವೆಂದರೆ ಮುಖದ ತುಂಬ ಗಡ್ಡ, ಪರವಾಗಿ ಕೇಳಲು ಮನೆಯಲ್ಲಿ ಹೆಂಗಸಿಲ್ಲ. ನನ್ನ ಹತ್ತಿರ ಬಂದು, “ಬಲಗೆನ್ನೆಯಾದರೂ ಮಾಡಿಕೊಡು ಮಾರಾಯ, ಎಡಗೆನ್ನೆ ಏನಾದರೂ ಮಾಡಿಕೊಳ್ತೀನಿ,” ಅಂತ ಕೈ ಹಿಡಿದುಕೊಂಡ. ನಾನು ಕೈ ಬಿಡಿಸಿಕೊಂಡೆ. ನನಗೂ ಒಂದು ಮನೆ ಇದೆ, ವಾಲಿದರೆ ಯಾರು ಬರುತ್ತಾರೆ?

ಆ ಹೊತ್ತಿಗೆ ಮಸೆಯುವವಳು ಬಂದಳು. ಹೊಳೆಯ ಮೇಲಿನ ಮಂಜಿನಿಂದ ಒಂದು ದೋಣಿ ಬಂತು, ದೋಣಿಯಿಂದ ಅವಳು ಇಳಿದಳು. ಬಗಲಲ್ಲಿ ಒಂದು ಮಸೆಯುವ ಕಲ್ಲು, ಸೊಂಟದಲ್ಲಿ ಬಟ್ಟೆ ಸುತ್ತಿದ ಒಂದು ಕತ್ತಿ. ಜಪಾನು ಅಂತ ಅವಳ ದೇಶ, ಸಮುದ್ರದಾಚೆ, ಹೊತ್ತು ಮೊದಲು ಹುಟ್ಟುವ ಕಡೆಗೆ. ನಮ್ಮ ಮಾತನ್ನೇ ಆಡಿದಳು, ಹೇಗೆ ಕಲಿತಳು ಅಂತ ನಾನು ಕೇಳಲಿಲ್ಲ. ಬೀದಿ ಬೀದಿ ತಿರುಗಿ “ಮಸೆಯೋದು ಏನಾದರೂ ಇದೆಯಾ?” ಅಂತ ಕೂಗಿದಳು. ಒಂದೇ ಬಗಲಲ್ಲಿ ಕಲ್ಲು ಹೊತ್ತವಳನ್ನು ನೋಡಿ ಜನ ಬಾಗಿಲು ಹಾಕಿಕೊಂಡರು. ಇಬ್ಬರು ಹೆಣ್ಣುಮಕ್ಕಳ ಅಪ್ಪ ಮಾತ್ರ ಜಗಲಿಯ ಮೇಲೆ ಚಾಪೆ ಹಾಸಿದ. ನಾನೂ ಹೋಗಿ ಕೂತೆ, ಕೆಲಸವಿಲ್ಲದವನಿಗೆ ಇನ್ನೇನು ಕೆಲಸ?

ಅವಳು ಕತ್ತಿಯ ಬಟ್ಟೆ ಬಿಚ್ಚಿದಳು. ಕ್ಷೌರದ ಕತ್ತಿಯೇ, ಆದರೆ ನಮ್ಮದರ ಹಾಗೆ ಮಡಚುವುದಿಲ್ಲ. ಹಿಡಿಯಿಂದ ತುದಿಯವರೆಗೂ ಒಂದೇ ಕಬ್ಬಿಣ, ಹಿಡಿಗೆ ಬೆತ್ತದ ತೆಳು ಸೀಳು ಸುತ್ತಿತ್ತು. ಕಸುಬಿನವನಲ್ಲವೇ, ಎತ್ತಿ ಬೆಳಕಿಗೆ ಹಿಡಿದೆ. ಎರಡು ಬದಿ ಎರಡು ಥರ ಇದ್ದವು. ಒಂದು ಬದಿ ಚೂರು ತಗ್ಗು, ಇನ್ನೊಂದು ಬದಿ ಚೂರು ಉಬ್ಬು.

“ಇದು ಒಂದೇ ಬದಿಯಿಂದ ಮುಖ ಮುಟ್ಟುತ್ತೆ,” ಅಂದಳು ಮಸೆಯುವವಳು.

“ಇನ್ನೊಂದು ಬದಿ?” ಅಂದೆ.

“ಅದು ಯಾವತ್ತೂ ಮುಟ್ಟೋದಿಲ್ಲ.”

“ಎಡಗೆನ್ನೆಗೆ ಬಂದಾಗ ತಿರುಗಿಸಿದರೆ ಆಯ್ತಲ್ಲ.”

“ತಿರುಗಿಸಬಾರದು. ಕೈ ತಿರುಗಬೇಕು, ಕತ್ತಿ ತಿರುಗಬಾರದು.”

ನಾನು ಕತ್ತಿಯನ್ನು ಚಾಪೆಯ ಮೇಲಿಟ್ಟು ಕೈ ಒರೆಸಿಕೊಂಡೆ. “ಇಂಥದ್ದನ್ನ ಮನೆಯೊಳಗೆ ಇಟ್ಟುಕೊಂಡರೆ ಆಯ್ತು ನಿನ್ನ ಕಥೆ. ಆಚೆ ಕಳಿಸು ಮಾರಾಯ,” ಅಂತ ಅಪ್ಪನಿಗೆ ಹೇಳಿದೆ. ಅವನು ನನ್ನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. “ಇದರಲ್ಲಿ ಒಬ್ಬನೇ ತನ್ನ ಮುಖ ತಾನೇ ಮಾಡಿಕೊಳ್ಳಬಹುದಾ ತಾಯಿ?” ಅಂತ ಅವಳನ್ನು ಕೇಳಿದ. “ಒಂದೇ ಕೈಯಲ್ಲಿ, ಎರಡೂ ಕೆನ್ನೆ,” ಅಂದಳು. ಅವನು ಒಳಗೆ ಮಲಗಿದ್ದ ಚಿಕ್ಕವಳ ಕಡೆ ತಿರುಗಿ ನೋಡಿದ. ಕಿಟಕಿಯಿಂದ ಗಾಳಿ ಬಂದಾಗ ಅವಳು ಚಾಪೆಯಿಂದ ಚೂರು ಮೇಲೇಳುತ್ತಿದ್ದಳು, ಗಾಳಿ ನಿಂತಾಗ ಇಳಿಯುತ್ತಿದ್ದಳು. “ಕಲಿಸು ತಾಯಿ,” ಅಂದ.

ಹಾಗೆ ಪಾಠ ಶುರುವಾಯಿತು. ಬೆಳಗಾಗುತ್ತಲೇ ದೊಡ್ಡವಳು ಬಿಸಿನೀರು ತಂದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಅಪ್ಪ ಗಡ್ಡ ನೆನೆಸುತ್ತಿದ್ದ. ಅಂಟುವಾಳದ ನೊರೆ ಹಚ್ಚುತ್ತಿದ್ದ. ಕತ್ತಿ ಹಿಡಿಯುತ್ತಿದ್ದ. ಮಸೆಯುವವಳು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು. “ಚರ್ಮ ಎಳೆದು ಹಿಡಿ. ಕತ್ತಿ ಮಲಗಿಸು. ಇನ್ನೂ ಮಲಗಿಸು. ಒತ್ತಬೇಡ, ಕಬ್ಬಿಣದ ಭಾರ ಸಾಕು.” ಅವನು ನೆನೆಸುವನು, ಹಚ್ಚುವನು, ಹಿಡಿಯುವನು. ಅವಳು ಮಲಗಿಸು ಅನ್ನುವಳು, ಅವನು ಮಲಗಿಸುವನು. ಬಲಗೆನ್ನೆ ಬೇಗ ಒಲಿಯಿತು. ಕತ್ತಿ ಸರ್ ಸರ್ ಅಂತ ಸಣ್ಣಗೆ ಸದ್ದು ಮಾಡಿಕೊಂಡು ಇಳಿಯುವುದನ್ನು ಕೇಳಿ ನನಗೆ ಹೊಟ್ಟೆ ಉರಿಯಿತು. ನನ್ನ ಜೀವಮಾನದಲ್ಲಿ ನನ್ನ ಕತ್ತಿ ಹಾಗೆ ಹಾಡಿರಲಿಲ್ಲ.

ಎಡಗೆನ್ನೆಯ ಹತ್ತಿರ ಬಂದು ಎಲ್ಲ ಕೆಟ್ಟಿತು. ಬಲಗೈ ಮೂಗಿನ ಮುಂದೆ ದಾಟಿ ಆ ಕಡೆ ಹೋಗಬೇಕು. ದಾಟಿದ ಕೈ ಕಣ್ಣಿಗೆ ಅಡ್ಡ ಬರುತ್ತದೆ. ನೀರಿನ ಬೋಗುಣಿಯಲ್ಲಿ ನೋಡಿಕೊಳ್ಳೋಣವೆಂದರೆ ಕಾಣುವುದು ತನ್ನದೇ ಮೊಣಕೈ. “ಏನೂ ಕಾಣೋದಿಲ್ಲ ತಾಯಿ,” ಅಂದ. “ಕಾಣೋದು ಬೇಡ. ಕೆನ್ನೆಗೆ ಗೊತ್ತಾಗುತ್ತೆ, ಕೈಗೆ ಗೊತ್ತಾಗುತ್ತೆ,” ಅಂದಳು. ಅವನಿಗೆ ಭಯವಾಯಿತು. ಕತ್ತಿ ತಿರುಗಿಸಿಬಿಟ್ಟ. ಗೆರೆ ಎಳೆದ ಹಾಗೆ ರಕ್ತ ಬಂತು. ಪಟಿಕದ ತುಂಡು ಒತ್ತಿಕೊಂಡು ಆ ದಿನದ ಪಾಠ ಮುಗಿಸಿದರು.

ಅವನು ತಿರುಗಿಸಿದ್ದು ಬರೀ ಭಯಕ್ಕಲ್ಲ, ಅದು ಆಮೇಲೆ ತಿಳಿಯಿತು. ಮರುದಿನ ಕೋಳಿ ಕೂಗುವ ಹೊತ್ತಿಗೆ ಎದ್ದು, ಯಾರಿಗೂ ಹೇಳದೆ ಕಲ್ಲಿನ ಮುಂದೆ ಕೂತಿದ್ದಾನೆ. ಮಸೆಯುವವಳು ಒಂದು ಬದಿಗೆ ಹೆಚ್ಚು ತೀಡುತ್ತಿದ್ದಳು, ಇನ್ನೊಂದು ಬದಿಗೆ ಕಡಿಮೆ. ಅದನ್ನು ನೋಡಿ ನೋಡಿ ಅವನಿಗೆ ಸಂಕಟವಾಗಿತ್ತು. ಕಡಿಮೆ ಬಿದ್ದ ಬದಿಯನ್ನು ಕಲ್ಲಿಗೆ ಹಚ್ಚಿ, ಇದುವರೆಗೆ ಆದ ಅನ್ಯಾಯವೆಲ್ಲ ತೀರುವ ತನಕ ತೀಡಿದ್ದಾನೆ. ಬೇರೆ ಊರಿನವನು ಇಂಥ ತಪ್ಪು ಮಾಡುತ್ತಿರಲಿಲ್ಲ. ನಮ್ಮೂರಿನ ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು, ನಾನೂ ಮಾಡುತ್ತಿದ್ದೆ.

ಬೆಳಗಿನ ಪಾಠಕ್ಕೆ ಕೂತಾಗ ಕತ್ತಿ ಕೂದಲನ್ನು ಕತ್ತರಿಸಲಿಲ್ಲ, ಹಿಡಿದು ಎಳೆಯಿತು. ಮಸೆಯುವವಳು ಕತ್ತಿ ತೆಗೆದುಕೊಂಡು ಅಲಗನ್ನು ಹೆಬ್ಬೆರಳಿಗೆ ತಾಗಿಸಿ ನೋಡಿದಳು.

“ಯಾಕಪ್ಪಾ ಹೀಗೆ ಮಾಡಿದೆ?”

“ಪಾಪ ಅನ್ನಿಸಿತು ತಾಯಿ. ಅದೂ ಅದೇ ಕತ್ತಿಯ ಬದಿ ಅಲ್ಲವಾ?”

ಅವಳು ಬೈಯಲಿಲ್ಲ. “ಈಗ ಯಾವ ಬದಿಗೂ ಅನ್ಯಾಯ ಆಗಿಲ್ಲ. ಕತ್ತಿ ಮಾತ್ರ ಇಲ್ಲ,” ಅಂದಳು.

ಅಲಗನ್ನು ಮತ್ತೆ ಹುಟ್ಟಿಸಬೇಕಿತ್ತು. ನಿಧಾನಕ್ಕೆ ಮಾಡಿದರೆ ಅದಕ್ಕೆ ದಿನಗಳೇ ಹಿಡಿಯುತ್ತವೆ. ಒಳಗೆ ಚಿಕ್ಕವಳಿಗೆ ಆ ದಿನಗಳು ಇರಲಿಲ್ಲ. ಅವಳ ಲಂಗದ ದಾರವನ್ನು ಕಂಬಕ್ಕೆ ಕಟ್ಟಿದ್ದರು, ಗಾಳಿ ಎತ್ತಿಕೊಂಡು ಹೋಗದಿರಲಿ ಅಂತ. ದೊಡ್ಡವಳನ್ನೂ ಅದೇ ಥರ ಇನ್ನೊಂದು ಕಂಬಕ್ಕೆ ಕಟ್ಟಬೇಕೋ ಬೇಡವೋ ಅಂತ ನೆರೆಯವರು ಜಗಲಿಯ ಕೆಳಗೆ ನಿಂತು ಚರ್ಚೆ ಮಾಡುತ್ತಿದ್ದರು. ನನಗೆ ರೇಗಿತು. “ಹೋಗಿ ನಿಮ್ಮ ಮನೆ ದೀಪ ಸರಿಯಾಗಿದೆಯಾ ನೋಡಿಕೊಳ್ಳಿ,” ಅಂತ ಓಡಿಸಿದೆ.

“ಈ ಸಲ ನೀನೇ ಮಸೆಯಬೇಕು,” ಅಂದಳು ಅವಳು. ಅಪ್ಪ ಕಲ್ಲಿನ ಮುಂದೆ ಕೂತ. ಕಲ್ಲು ಒದ್ದೆ, ಕತ್ತಿ ಒದ್ದೆ, ಕೈ ಒದ್ದೆ. ಅವಳು ಎದುರಿಗೆ ಕೂತಳು. ಅವನ ಕೈ ಹುಟ್ಟಿನಿಂದ ಸಮ ಕಲಿತ ಕೈ. ಈ ಬದಿಗೆ ಎಳೆದರೆ ತಾನಾಗೇ ತಿರುಗಿ ಆ ಬದಿಗೆ ಎಳೆಯುತ್ತಿತ್ತು. ಅವಳು ಪ್ರತಿ ಸಲವೂ ಅವನ ಮಣಿಕಟ್ಟು ಹಿಡಿದು ನಿಲ್ಲಿಸುತ್ತಿದ್ದಳು.

“ಈ ಬದಿಗೆ ಇನ್ನೂ.”

“ಆ ಬದಿಗೆ?”

“ಅದಕ್ಕೆ ಸಾಕು.”

“ಇಷ್ಟೇನಾ ತಾಯಿ?”

“ಸಾಕು. ಈ ಬದಿಗೆ ಇನ್ನೂ.”

ಇನ್ನೂ, ಸಾಕು. ಇನ್ನೂ, ಸಾಕು. ಹೊತ್ತು ಏರಿತು, ಹೊತ್ತು ಇಳಿಯಿತು. ಕಲ್ಲಿನ ಮೇಲೆ ಬೂದು ಬಣ್ಣದ ಕೆನೆ ಕಟ್ಟಿತು, ಅವನು ತೊಳೆದ, ಮತ್ತೆ ಕಟ್ಟಿತು. ಇನ್ನೂ, ಸಾಕು. ಎಷ್ಟೋ ಹೊತ್ತಿನ ಮೇಲೆ ಅವಳು ಮಣಿಕಟ್ಟು ಬಿಟ್ಟಳು. ಕೈ ಈ ಬದಿಗೆ ಬಹಳ ಎಳೆಯಿತು, ಆ ಬದಿಗೆ ಸ್ವಲ್ಪ ಎಳೆದು ತಾನಾಗೇ ನಿಂತಿತು. ನಾನು ಅವನ ಮುಖ ನೋಡಿದೆ. ಒಂದು ಕಣ್ಣಿಂದ ನೀರು ಇಳಿಯುತ್ತಿತ್ತು. ಇನ್ನೊಂದು ಕಣ್ಣು ಒಣಗಿತ್ತು. ನಮ್ಮೂರಲ್ಲಿ ಅಂಥ ಮುಖ ನಾನು ಕಂಡೇ ಇರಲಿಲ್ಲ.

ಮರುದಿನ ದೊಡ್ಡವಳು ನೀರು ತಂದಳು. ಅವನು ನೆನೆಸಿದ, ಹಚ್ಚಿದ, ಹಿಡಿದ. ಬಲಗೆನ್ನೆ ಮುಗಿಯಿತು. ಕೈ ಮೂಗಿನ ಮುಂದೆ ದಾಟಿತು. ಕಣ್ಣಿಗೆ ಕತ್ತಲೆಯಾಯಿತು. ಅವನು ಕತ್ತಿ ತಿರುಗಿಸಲಿಲ್ಲ. ಉಸಿರು ಹಿಡಿದು, ಕಾಣದ ಕೆನ್ನೆಯ ಮೇಲೆ, ಮುಟ್ಟುವ ಬದಿಯನ್ನೇ ಮಲಗಿಸಿ ಎಳೆದ. ಸರ್ ಅಂತು. ನಾನು ನನಗೇ ಗೊತ್ತಿಲ್ಲದೆ ಎದ್ದು ನಿಂತಿದ್ದೆ. ಮುಖ ತೊಳೆದಾಗ ಎರಡೂ ಕೆನ್ನೆ ನುಣ್ಣಗಿದ್ದವು. ಮಸೆಯುವವಳು ಕಲ್ಲನ್ನು ಬಗಲಿಗೆ ಸೇರಿಸಿಕೊಂಡಳು. “ಮಸೆದವನ ಕೈಯಲ್ಲೇ ಇರಲಿ,” ಅಂತ ಕತ್ತಿಯನ್ನು ಅಲ್ಲೇ ಬಿಟ್ಟು ದೋಣಿಗೆ ಹೋದಳು. ಮಂಜು ಅವಳನ್ನು ಒಳಗೆ ತೆಗೆದುಕೊಂಡಿತು.

ಅಪ್ಪ ಸೀದಾ ಕಟ್ಟೆಗೆ ನಡೆದ. ಊರೆಲ್ಲ ಹಿಂದೆ ನಡೆಯಿತು. ತಕ್ಕಡಿಯಮ್ಮ ಎರಡೂ ಕೈ ಚಾಚಿ ಕೂತಿದ್ದಳು. ಅವನು ತನ್ನ ಮಾತು ಹೇಳಿದ, ಪೂರ್ತಿ ಬಟ್ಟಲು ಚಿಕ್ಕವಳಿಗೆ, ದೊಡ್ಡವಳಿಗೆ ಏನೂ ಇಲ್ಲ. ಅವಳು ಅವನ ಕೆನ್ನೆಗಳನ್ನು ಬಹಳ ಹೊತ್ತು ನೋಡಿದಳು.

“ನಿನ್ನ ಎರಡು ಕೆನ್ನೆ ಒಂದೇ ಮಾತು ಹೇಳ್ತಾ ಇಲ್ಲವಲ್ಲೋ,” ಅಂದಳು.

“ಹೌದಮ್ಮ. ಒಂದು ಚಿಕ್ಕವಳನ್ನ ಉಳಿಸಿಕೊಡು ಅಂತಿದೆ. ಇನ್ನೊಂದು ದೊಡ್ಡವಳ ಮುಖ ಹೇಗೆ ನೋಡಲಿ ಅಂತಿದೆ. ಎರಡೂ ನಿಜ.”

ಜನ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಎರಡು ಕೆನ್ನೆ ಎರಡು ಮಾತು ಹೇಳಿದರೆ ಸುಳ್ಳು ಅಂತ ಇದುವರೆಗೆ ನಾವು ತಿಳಿದಿದ್ದೆವು. ತಕ್ಕಡಿಯಮ್ಮ ಒಂದು ಕೈ ಕೆಳಗಿಳಿಸಿ ಮೂಗು ಒರೆಸಿಕೊಂಡಳು. ಇನ್ನೊಂದು ಕೈ ಗಾಳಿಯಲ್ಲೇ ಇತ್ತು. ಅವಳ ಕೈ ಕೆಳಗಿಳಿದದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಕೊಡು,” ಅಂದಳು. “ಮನೆ ವಾಲಿದರೆ ನಿನ್ನ ಮನೆ. ಆದರೆ ದೊಡ್ಡವಳು ಏನಾದರೂ ಕೇಳಿದರೆ ಏನು ಹೇಳ್ತೀಯ?”

“ಗೊತ್ತಿಲ್ಲಮ್ಮ.”

“ನನಗೂ ಗೊತ್ತಿಲ್ಲ. ಅದನ್ನ ನಾನು ತೂಗಿ ಕೊಡಲಾರೆ. ಹೋಗು.”

ಅವನು ಕೊಟ್ಟ. ಪೂರ್ತಿ ಬಟ್ಟಲು ಚಿಕ್ಕವಳು ಕುಡಿದಳು, ಮನೆ ವಾಲಿತು. ಹೌದು, ಸುಳ್ಳು ಹೇಳುವುದಿಲ್ಲ, ಕಣ್ಣಾರೆ ಕಂಡಿದ್ದೇನೆ. ಮೊದಲ ದಿನ ಲೋಟ ಉರುಳಿ ಗೋಡೆಗೆ ಬಡಿಯಿತು. ಆಮೇಲೆ ಕೊಡ ಉರುಳಿತು. ಆಮೇಲೆ ಅಪ್ಪ ಮಂಚದ ಕಾಲಿಗೆ ಕಲ್ಲು ಕೊಟ್ಟ. ಬೀಳುತ್ತದೆ ಬೀಳುತ್ತದೆ ಅಂತ ಊರು ಕಾದಿತು. ಮನೆ ವಾಲಿಕೊಂಡೇ ನಿಂತಿತು. ಚಾಪೆಯ ಮೇಲೆ ಚಿಕ್ಕವಳು ಮಲಗಿದ ಗುರುತು ಬೀಳತೊಡಗಿತು. ಒಂದು ದಿನ ಒಳಗಿನಿಂದ ಧಪ್ ಧಪ್ ಅಂತ ಹೆಜ್ಜೆಯ ಸದ್ದು ಕೇಳಿಸಿತು. ಕಂಬಕ್ಕೆ ಕಟ್ಟಿದ ದಾರವನ್ನು ಅಪ್ಪ ಬಿಚ್ಚಿ ಎಸೆದ.

ದೊಡ್ಡವಳು ಮಾತ್ರ ಮಾತು ಕಡಿಮೆ ಮಾಡಿದಳು. ಜಗಳವಿಲ್ಲ, ಹಟವಿಲ್ಲ. ತಂಗಿಗೆ ಯಾಕೆ ಪೂರ್ತಿ ಬಟ್ಟಲು ಅಂತ ಅಪ್ಪ ಕೂರಿಸಿ ಹೇಳಿದಾಗ, “ಗೊತ್ತಪ್ಪ, ಅವಳಿಗೆ ಹುಷಾರಿಲ್ಲ,” ಅಂದಿದ್ದಳಂತೆ. ಅಷ್ಟೇ. ಬೆಳಿಗ್ಗೆ ಮೊದಲಿನ ಹಾಗೆಯೇ ಬಿಸಿನೀರು ತಂದು ಅಪ್ಪನ ಪಕ್ಕ ನಿಲ್ಲುವಳು. ಇಳಿಜಾರಾದ ಜಗಲಿಯಲ್ಲಿ ಬೋಗುಣಿ ಜಾರದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಳ್ಳುವಳು. ಅಪ್ಪ ಅವಳ ಕಡೆ ನೋಡುತ್ತಿದ್ದ, ಅವಳು ನೀರು ನೋಡುತ್ತಿದ್ದಳು. ನಾನು ದಿನಾ ಹೋಗುತ್ತಿದ್ದೆ. ನೋಡಲಾಗುತ್ತಿರಲಿಲ್ಲ, ಹೋಗದೆ ಇರಲೂ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಪ್ಪ ಮುಖದ ತುಂಬ ನೊರೆ ಹಚ್ಚಿಕೊಂಡು ಕತ್ತಿ ಎತ್ತಿದ್ದ. ದೊಡ್ಡವಳು ಕತ್ತಿಯನ್ನೇ ನೋಡುತ್ತಿದ್ದಳು.

“ಅಪ್ಪಾ.”

“ಏನವ್ವಾ?”

“ನಾನು ಮುಖ ಮುಟ್ಟದೆ ಇರೋ ಬದಿಯಾ?”

ಅವನ ಕೈ ಎತ್ತಿದಲ್ಲೇ ನಿಂತಿತು. ಏನಾದರೂ ಹೇಳು ಮಾರಾಯ, ಇಲ್ಲ ಅನ್ನು, ನೀನೂ ನನ್ನ ಮಗಳೇ ಅನ್ನು, ಅಂತ ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ನೊರೆ ಕೆನ್ನೆಯ ಮೇಲೆ ಒಣಗುತ್ತಾ ಬಂತು. ಅವನು ಅವಳ ಕೈಯಿಂದ ಬೋಗುಣಿ ತೆಗೆದು ಕೆಳಗಿಟ್ಟ. ಕತ್ತಿಯ ಹಿಡಿಯನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ. ಆಮೇಲೆ ಗೋಡೆಗೆ ಒರಗಿ, ಗದ್ದ ಮೇಲೆತ್ತಿ, ಕಣ್ಣು ಮುಚ್ಚಿಕೊಂಡ.

“ಏಯ್, ಏನು ಮಾಡ್ತಿದೀಯ? ಅದು ಕುತ್ತಿಗೆ ಕಣೋ. ಮಗು ಕೈಗೆ ಕೊಡ್ತಾರಾ?” ಅಂದೆ. ಅವನು ಕಣ್ಣು ಬಿಡಲಿಲ್ಲ.

ದೊಡ್ಡವಳು ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು. ನೀರು ಮುಟ್ಟಿ ನೊರೆ ಮತ್ತೆ ಹಸಿ ಮಾಡಿದಳು. ಎಡಗೈಯ ಹೆಬ್ಬೆರಳಿಂದ ಅವನ ಕೆನ್ನೆಯ ಚರ್ಮ ಎಳೆದು ಹಿಡಿದಳು. ಕತ್ತಿ ಮಲಗಿಸಿದಳು, ಇನ್ನೂ ಮಲಗಿಸಿದಳು. ಇಷ್ಟು ದಿನ ನೀರು ಹಿಡಿದು ನಿಂತವಳು ಎಲ್ಲ ನೋಡಿಕೊಂಡಿದ್ದಳು. ಒಂದು ಕೆನ್ನೆ ಮುಗಿಯಿತು. ಇನ್ನೊಂದು ಕೆನ್ನೆ ಮುಗಿಯಿತು. ಅವಳು ಅವನ ಗಂಟಲ ಹತ್ತಿರ ಬಂದಳು. ಅಲ್ಲಿ ನರ ಹೊಡೆದುಕೊಳ್ಳುವುದು ನನಗೂ ಕಾಣುತ್ತಿತ್ತು.

ಆಗ ಬಾಗಿಲಲ್ಲಿ ಚಿಕ್ಕವಳು ಕಾಣಿಸಿಕೊಂಡಳು. ವಾಲಿದ ನೆಲದ ಮೇಲೆ ಗೋಡೆ ಹಿಡಿದುಕೊಂಡು, ಧಪ್ ಧಪ್ ಅಂತ ಕಾಲು ಹಾಕುತ್ತಾ ಬಂದಿದ್ದಳು. ಕೆನ್ನೆ ತುಂಬಿಕೊಂಡಿದ್ದವು. ಅಕ್ಕನ ಕೈಯಲ್ಲಿ ಕತ್ತಿ ನೋಡಿದಳು.

“ಅಪ್ಪಾ, ನನಗೂ ಕೊಡು. ನಾನೂ ಮಾಡ್ತೀನಿ.”

ನಮ್ಮೂರಲ್ಲಿ ಮಗು ಹಾಗೆ ಕೇಳಿದರೆ ಅಪ್ಪನಾದವನು ಹೇಳುವುದು ‘ನಿನಗೂ ಸಮ ಕೊಡ್ತೀನಿ’ ಅನ್ನುವ ಒಂದೇ ಮಾತು, ನಮ್ಮಪ್ಪನೂ ಅದನ್ನೇ ಹೇಳಿದ್ದ, ಎಲ್ಲರ ಅಪ್ಪಂದಿರೂ ಅದನ್ನೇ ಹೇಳಿದ್ದರು. ಕತ್ತಿ ಗಂಟಲ ಮೇಲಿತ್ತು. ಅವನು ತುಟಿ ಹೆಚ್ಚು ಅಲುಗಿಸದೆ ಹೇಳಿದ.

“ಇಲ್ಲ ಕಂದಾ. ಇದು ಅಕ್ಕನಿಗೆ ಮಾತ್ರ.”

ದೊಡ್ಡವಳು ಕತ್ತಿ ಇನ್ನೂ ಮಲಗಿಸಿ ಎಳೆದಳು. ಸರ್ ಅಂತು.